ಎರಡು ಗೇಣು, ಒಂದು ಕೂಸು

ನಮ್ಮ ಗಿರಣಿ ಚಾಳನ್ನು ಕಟ್ಟಿದವನು ನನ್ನ ಅಜ್ಜ. ಊರಿನಲ್ಲಿ ಯಾರನ್ನು ಕೇಳಿದರೂ ಮುನ್ನೂರು ಆಳು ಸೇರಿ ಕಟ್ಟಿದರು ಎನ್ನುತ್ತಾರೆ. ನಂಬಬೇಡಿ. ಆ ಮುನ್ನೂರು ಆಳೂ ಅಜ್ಜನ ಕೆಲಸ ನೋಡಲು ನಿಂತವರು. ಅವನು ಬಲಗೈಯಲ್ಲಿ ರೊಟ್ಟಿ ತಿನ್ನುತ್ತ ಎಡಗೈಯಲ್ಲಿ ಇಟ್ಟಿಗೆ ಇಡುತ್ತಿದ್ದ. ಎರಡು ರೊಟ್ಟಿ ಮುಗಿಯುವಷ್ಟರಲ್ಲಿ ಒಂದು ಗೋಡೆ ಎದ್ದಿರುತ್ತಿತ್ತು. ಮೂರನೆಯ ರೊಟ್ಟಿ ತಿಂದಿದ್ದರೆ ನಮ್ಮದೂ ಮಹಡಿ ಮನೆಯಾಗುತ್ತಿತ್ತು. ಆ ವರ್ಷ ಜೋಳ ಕಡಿಮೆ ಬೆಳೆದಿತ್ತಂತೆ.

ಮೊದಲು ಕಟ್ಟಿದ್ದು ನಲವತ್ತೆಂಟೇ ಮನೆ. ಎರಡು ಬದಿಗೂ ಕಲ್ಲಿನ ಗೋಡೆ, ಅಡ್ಡಕ್ಕೆ ಒಂದೇ ಸಾಗವಾನಿ ತೊಲೆ, ಮೇಲೆ ಜಂತಿ, ಹಂಚು. ಮುಂದೆ ಕೂರಲು ಕಟ್ಟೆ, ಹಿಂದೆ ಅಡುಗೆಮನೆ, ಅದರ ಮೂಲೆಯಲ್ಲಿ ಬಚ್ಚಲು. ಗೋಡೆಗೆ ಮೆತ್ತಿದ ಗಿಲಾವು ಒಣಗುವ ಮೊದಲೇ ಗಿರಣಿಗೆ ಹೊಸ ಮಗ್ಗಗಳು ಬಂದವು, ತೊಂಬತ್ತಾರು ಸಂಸಾರಗಳು ಗಂಟುಮೂಟೆ ಸಮೇತ ಬಾಗಿಲಿಗೆ ಬಂದು ನಿಂತವು. ಮಾಲಕರು ಅಜ್ಜನನ್ನು ಕರೆದು, "ನಡುವ ಒಂದೊಂದು ಗ್ವಾಡಿ ಎಬ್ಬಿಸಿಬಿಡು, ತೊಂಬತ್ತಾರು ಆಗ್ತಾವ" ಅಂದರು.

"ಪಾಯಾ ತಗೀಲಿಕ್ಕೆ ತಿಂಗಳು ಬೇಕ್ರಿ ಧಣಿ" ಅಂದ ಅಜ್ಜ.

"ಪಾಯಾ ಯಾಕ ಬೇಕೋ? ಗ್ವಾಡಿ ಏನು ಎದ್ದು ಅಡ್ಡಾಡ್ತೈತೇನು?"

ಅಜ್ಜ ಪಾಯವಿಲ್ಲದೆಯೇ ಗೋಡೆ ಎಬ್ಬಿಸಿದ. ಮೂರನೆಯ ದಿನ ಏಳನೆಯ ಜೋಡಿಮನೆಯಲ್ಲಿ ಒಬ್ಬಳು ಹೆತ್ತಳು. ಕೂಸು ಬಾಯಿ ತೆರೆದು ಅತ್ತಿತು, ನಡುಗೋಡೆ ಗರ್ರ್ ಅಂತ ಪಕ್ಕದ ಮನೆಯೊಳಗೆ ಒಂದು ಗೇಣು ಸರಿದು ನಿಂತಿತು. ಪಕ್ಕದ ಮನೆಯವನು ಒಲೆಯ ಮುಂದೆ ಉಣ್ಣುತ್ತಿದ್ದವನು ತಾಟು ಎತ್ತಿಕೊಂಡು ಅಷ್ಟೇ ಸರಿದು ಕೂತು ಊಟ ಮುಂದುವರಿಸಿದ. ಯಾಕೆ ಸರಿಯಿತೆಂದು ಅವತ್ತೂ ಯಾರೂ ಕೇಳಲಿಲ್ಲ, ಇವತ್ತೂ ಕೇಳುವುದಿಲ್ಲ. ಪಾಳಿಗೆ ಹೊತ್ತಾಗುತ್ತದೆ.

ಲೆಕ್ಕ ಸರಳ. ಒಂದು ಜೋಡಿಮನೆಯ ಅಗಲ ಕಲ್ಲಿನ ಗೋಡೆಯಿಂದ ಕಲ್ಲಿನ ಗೋಡೆಗೆ ನಲವತ್ತು ಗೇಣು. ಗೇಣು ಅಂದರೆ ನನ್ನ ಅಜ್ಜನ ಕೈಯಳತೆ. ನನ್ನ ಕೈಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅಷ್ಟೇ ಇದೆ, ಬೇಕಾದರೆ ಬಂದು ನೋಡಿ. ಅಜ್ಜ ನೆಲದ ಪರಸಿಗಲ್ಲಿನ ಮೇಲೆ ಗೇಣಿಗೊಂದು ಗೀರು ಕೊರೆದಿಟ್ಟ. ಎರಡೂ ಮನೆಯಲ್ಲಿ ಜನ ಸಮ ಇದ್ದರೆ ಗೋಡೆ ನಟ್ಟನಡುವೆ, ಇಪ್ಪತ್ತರ ಗೀರಿನ ಮೇಲೆ. ಒಂದು ಕಡೆ ಒಬ್ಬರು ಹೆಚ್ಚಾದರೆ ಇನ್ನೊಂದು ಕಡೆಗೆ ಒಂದು ಗೇಣು ಸರಿಯುತ್ತದೆ. ಹೊಸದಾಗಿ ಬಂದವರು ಹೊಸ್ತಿಲ ಮೇಲೆ ನಿಂತು ತಮ್ಮ ಬಾಯಿಂದ ತಮ್ಮ ಹೆಸರು ಹೇಳಬೇಕು. ಹೇಳಿದ ಗಳಿಗೆಗೆ ಅವರು ಆ ಮನೆಯವರು. ಮದುಮಗಳು ಹೇಳಿಯೇ ಒಳಗೆ ಬರುತ್ತಾಳೆ, ಅವಳ ತವರಿನ ಗೋಡೆ ಆ ಹೊತ್ತಿಗೇ ಹಿಂದಕ್ಕೆ ಬರುತ್ತದೆ. ಕೂಸಿಗೆ ಮೊದಲ ಅಳುವೇ ಹೆಸರು. ಹೆಸರು ಹೇಳದೆ ಬಂದವರು ಹತ್ತು ವರ್ಷ ಉಂಡು ಮಲಗಿದರೂ ಬೀಗರೇ, ಅಂದರೆ ಬರೀ ಅತಿಥಿಗಳು. ಸತ್ತರೆ ಗೇಣು ಹೋಯಿತು. ಒಂದು ಮನೆ ಪೂರ್ತಿ ಖಾಲಿಯಾಯಿತೋ, ನಡುಗೋಡೆ ಹೋಗಿ ಆಚೆಯ ಕಲ್ಲಿನ ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತದೆ. ಬಾಗಿಲು ತೆರೆದರೆ ಮೂಗಿಗೆ ಇಟ್ಟಿಗೆ ತಾಗುತ್ತದೆ. ನಾನು ಹೇಳುವ ಕಥೆಯ ಹೊತ್ತಿಗೆ ಅಂಥ ಬಾಗಿಲುಗಳು ನಮ್ಮ ಚಾಳಿನಲ್ಲಿ ಒಂಬತ್ತಾಗಿದ್ದವು.

ಈ ಗೋಡೆಗಳ ಜೊತೆ ಬದುಕುವುದನ್ನು ಜನ ಕಲಿತಿದ್ದಾರೆ. ನಡುಗೋಡೆಗೆ ಯಾರೂ ಮೊಳೆ ಹೊಡೆಯುವುದಿಲ್ಲ, ದೇವರ ಫೋಟೋ ಹಾಕುವುದಿಲ್ಲ, ಕಪಾಟು ಒರಗಿಸುವುದಿಲ್ಲ. ಹೆರಿಗೆಯಾದ ಮನೆಯವರು ಜಾಗ ಬಿಟ್ಟುಕೊಟ್ಟ ಮನೆಗೆ ಬೆಲ್ಲ ಒಯ್ದು ಕೊಡಬೇಕು. ಸಾವಿನಿಂದ ಬಂದ ಗೇಣಿನಲ್ಲಿ ಮಾತ್ರ ವರ್ಷದ ತನಕ ಒಂದು ಕೊಡವನ್ನೂ ಇಡಬಾರದು, ಕಸ ಗುಡಿಸಿ ಸುಮ್ಮನೆ ಬಿಡಬೇಕು. ಇನ್ನು ಗೋಡೆ ಸರಿದಾಗ ಬಿಡುವ ಬಿರುಕು ತುಂಬುವುದು, ಸುಣ್ಣ ಬಳಿಯುವುದು ನನ್ನ ಕೆಲಸ. ನಾನು ಚಾಳಿನ ಗೌಂಡಿ ತಿಪ್ಪಣ್ಣ. ನಾನು ಥಾಪಿಯಿಂದ ಸವರಿದ ಗೋಡೆಯ ಮೇಲೆ ಇರುವೆ ಕೂಡ ಜಾರಿ ಬೀಳುತ್ತದೆ.

ನಮ್ಮ ಜೋಡಿಯ ಇನ್ನೊಂದು ಮನೆಯಲ್ಲಿ ಫಕೀರಪ್ಪ ಮತ್ತು ಅವನ ಹೆಂಡತಿ ನೀಲವ್ವ ಇದ್ದರು. ಇತ್ತ ನಾನು ಮತ್ತು ನನ್ನ ಹೆಂಡತಿ ಕಾಶವ್ವ. ಇಬ್ಬರಿಗಿಬ್ಬರು, ಗೋಡೆ ಇಪ್ಪತ್ತರ ಮೇಲೆ ಆರು ವರ್ಷದಿಂದ ಬೆಣ್ಣೆಯಲ್ಲಿ ಚಾಕು ನಿಂತಹಾಗೆ ನಿಂತಿತ್ತು. ಫಕೀರಪ್ಪ ಮಗ್ಗ ರಿಪೇರಿ ಮಾಡುವವನು, ಮಾತು ಕಮ್ಮಿ. ನೀಲವ್ವ ನೂಲು ಸುತ್ತುವ ಖಾತೆಯಲ್ಲಿ ಬೆಳಗಿನ ಪಾಳಿ. ಮಕ್ಕಳಾಗಿರಲಿಲ್ಲ, ಆ ಮಾತನ್ನು ಯಾರೂ ಅವಳ ಮುಂದೆ ಎತ್ತುತ್ತಿರಲಿಲ್ಲ.

ಆ ವರ್ಷ ಮಾಲಕರ ಮೊಮ್ಮಗ ಗಿರಣಿಯ ಅರ್ಧ ಮಗ್ಗಗಳನ್ನು ಗುಡ್ಡದಾಚೆಯ ಹೊಸ ಗಿರಣಿಗೆ ಮಾರಿದ. ಬಿಚ್ಚಿ ಒಯ್ದ ಮಗ್ಗಗಳನ್ನು ಅಲ್ಲಿ ಕೂರಿಸಿ ಕೊಡಲು ಫಕೀರಪ್ಪನನ್ನು ಕಳಿಸಿದರು. ಹದಿನೈದು ದಿನದ ಕೆಲಸ ಅಂದಿದ್ದರು. ಒಂದು ಪತ್ರ ಬಂತು. ಆಮೇಲೆ ಮಳೆಗೆ ಗುಡ್ಡದ ದಾರಿ ಕುಸಿದು ಟಪಾಲು ನಿಂತಿತು. ಎರಡು ತಿಂಗಳಾದ ಮೇಲೆ ಆ ಕಡೆಯಿಂದ ಕಾಲುನಡಿಗೆಯಲ್ಲಿ ಬಂದ ಒಬ್ಬ ಕಂಬಳಿ ವ್ಯಾಪಾರಿ, ಹೊಸ ಗಿರಣಿಯಲ್ಲಿ ಬಾಯ್ಲರ್ ಒಡೆದು ಕೆಲವರು ಸತ್ತರಂತೆ ಎಂದು ನಳದ ಹತ್ತಿರ ಹೇಳಿ ಹೋದ. ಯಾರು, ಎಷ್ಟು ಜನ, ಅವನಿಗೆ ಗೊತ್ತಿರಲಿಲ್ಲ.

ಅವತ್ತಿನಿಂದ ನೀಲವ್ವ ಗೋಡೆ ಅಳೆಯಲು ಶುರು ಮಾಡಿದಳು.

ಯಾಕೆಂದರೆ ನಮ್ಮ ಗೋಡೆಗೆ ದೂರ ಎಂಬುದಿಲ್ಲ. ಹಿಂದೆ ಹದಿನಾರನೆಯ ಜೋಡಿಯ ಒಬ್ಬ ಹುಡುಗ ದಂಡಿಗೆ ಸೇರಿ ಹಿಮದ ಬೆಟ್ಟದ ಮೇಲೆ ತೀರಿಕೊಂಡಾಗ, ಇಲ್ಲಿ ಗೋಡೆ ಅದೇ ಗಳಿಗೆಗೆ ಸರಿದಿತ್ತು. ತಂತಿ ಹಿಡಿದು ಟಪಾಲಿನವನು ಬರುವ ಹೊತ್ತಿಗೆ ಮೂರನೆಯ ದಿನದ ಕಾರ್ಯವೇ ಮುಗಿದಿತ್ತು. ಅವನು ಸಹಿ ಮಾಡಿಸಿಕೊಂಡು ಊಟ ಮಾಡಿ ಹೋದ.

ನೀಲವ್ವ ಪಾಳಿಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ಗೀರು ಎಣಿಸುತ್ತಿದ್ದಳು. ಆಮೇಲೆ ನಮ್ಮ ಬಾಗಿಲಿಗೆ ಬರುತ್ತಿದ್ದಳು.

"ತಿಪ್ಪಣ್ಣಕಾಕಾ, ನಿಮ್ಮ ಕಡೆ ಎಷ್ಟೈತಿ?"

"ಇಪ್ಪತ್ತು ತಂಗೀ."

"ನೋಡಿ ಹೇಳ್ರಿ. ಕೂತಲ್ಲೇ ಹೇಳಬ್ಯಾಡ್ರಿ."

ನಾನು ಎದ್ದು, ಬಗ್ಗಿ, ಒಂದೊಂದೇ ಗೀರಿನ ಮೇಲೆ ಬೆರಳಿಟ್ಟು ಎಣಿಸಿ ಇಪ್ಪತ್ತು ಅನ್ನುತ್ತಿದ್ದೆ. ಆಗ ಅವಳ ಹೆಗಲು ಇಷ್ಟು ಕೆಳಗೆ ಇಳಿಯುತ್ತಿತ್ತು. ಮರುದಿನ ಮತ್ತೆ ಕಿವಿಯವರೆಗೆ ಏರಿರುತ್ತಿತ್ತು. ಊಟ ಕಡಿಮೆ ಮಾಡಿದಳು. ಪಕ್ಕದಲ್ಲಿ ನಾವು ಹಿಟ್ಟು ಬೀಸಿದರೆ ಆ ಗರಗರ ಸಪ್ಪಳಕ್ಕೆ ಓಡಿ ಬಂದು ಹೊಸ್ತಿಲಲ್ಲಿ ನಿಂತುಬಿಡುತ್ತಿದ್ದಳು. ಕಾಶವ್ವ ಬೀಸುಕಲ್ಲು ಮುಚ್ಚಿಟ್ಟು ಗಿರಣಿ ಹಿಟ್ಟು ತರಿಸತೊಡಗಿದಳು.

ಅದೇ ಸಮಯಕ್ಕೆ ನನ್ನ ಮಗಳು ಚಂಪಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡನ ಮನೆ ಚಾಳಿನ ಕೆಳಗಿನ ಓಣಿಯಲ್ಲಿ. ಅವಳ ಗೇಣು ಅಲ್ಲಿ, ನಮ್ಮಲ್ಲಿ ಅವಳು ಬೀಗತಿ. ಎಂಟು ತಿಂಗಳು ತುಂಬಿತ್ತು.

ಒಂದು ಬೆಳಿಗ್ಗೆ, ಹತ್ತೂವರೆಯಿರಬೇಕು, ಕಾಶವ್ವ ಸಂತೆಗೆ ಹೋಗಿದ್ದಳು, ಚಂಪಾ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಒಳಗೆ ಗೋಡೆಯ ನೇರ ನೋಡುವ ಓಳಂಬದ ದಾರ ಬದಲಿಸುತ್ತಿದ್ದೆ. ಗೋಡೆ ಸದ್ದು ಮಾಡಿತು. ದೊಡ್ಡ ಸದ್ದೇನಲ್ಲ, ಹಲ್ಲು ಕಡಿದಂತೆ. ತೊಲೆಯ ಕೆಳಗಿನ ಧೂಳು ನೆಟ್ಟಗೆ ಒಂದು ಗೆರೆಯಾಗಿ ಉದುರಿತು. ನಾನು ನೆಲ ನೋಡಿದೆ. ನಮ್ಮ ಕಡೆ ಇಪ್ಪತ್ತೊಂದನೆಯ ಗೀರು ಕಾಣಿಸುತ್ತಿತ್ತು. ಆರು ವರ್ಷ ಗೋಡೆಯ ಕೆಳಗಿದ್ದ ಪರಸಿಗಲ್ಲು, ಬೆಳ್ಳಗೆ, ಈಗತಾನೇ ತೊಳೆದಿಟ್ಟ ಹಾಗೆ.

ನಾನು ಹುಲಿಯ ಮುಂದೆ ನಿಂತವನು. ಹೌದು, ಒಮ್ಮೆ ಸುಣ್ಣದ ಬಕೆಟ್ಟು ತೋರಿಸಿಯೇ ಓಡಿಸಿದ್ದೇನೆ, ಆ ಕಥೆ ಬೇರೆ. ಆದರೆ ಅವತ್ತು ಓಳಂಬ ಕೆಳಗಿಡುವುದನ್ನೂ ಮರೆತು ಎದ್ದೆ. ನೀಲವ್ವನ ಮನೆಯ ಇನ್ನೊಂದು ಕೀಲಿ ನಮ್ಮಲ್ಲೇ ಇರುತ್ತದೆ, ಜೋಡಿಮನೆಯವರೆಲ್ಲ ಹಾಗೆಯೇ. ಹೋಗಿ ತೆರೆದು ಎಣಿಸಿದೆ. ಹತ್ತೊಂಬತ್ತು. ಮತ್ತೆ ಎಣಿಸಿದೆ. ನೀಲವ್ವನ ಚಾಪೆಯ ಅಂಚು ಗೋಡೆಗೆ ಒತ್ತಿ ಮಡಚಿಕೊಂಡಿತ್ತು. ಅದನ್ನು ಬಿಡಿಸಿ ನೇರ ಮಾಡಿದೆ, ಅಷ್ಟೇ ನನಗೆ ಮಾಡಲು ತೋಚಿದ್ದು.

ಮೂರು ಗಂಟೆಗೆ ಗಿರಣಿಯ ಭೋಂಗಾ ಕೂಗುತ್ತದೆ, ಮೂರೂ ಹತ್ತಕ್ಕೆ ಅವಳು ಬರುತ್ತಾಳೆ, ಬಂದವಳೇ ಎಣಿಸುತ್ತಾಳೆ. ನಾಲ್ಕು ತಾಸು ಇತ್ತು. ಆ ನಾಲ್ಕು ತಾಸಿನಲ್ಲಿ ಬೇರೆಯವರಾದರೆ ಅವಳಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದರು. ನಾನು ಹೇಗೆ ಹೇಳದಿರುವುದೆಂದು ಯೋಚಿಸಿದೆ. ದೇವರು ನನಗೆ ಕೊಟ್ಟದ್ದು ಎರಡೇ, ಅಜ್ಜನ ಕೈ ಮತ್ತು ಈ ಬಾಯಿ. ಕೈಯಿಂದ ಗೋಡೆ ಹಿಂದಕ್ಕೆ ತಳ್ಳಲು ಆಗುವುದಿಲ್ಲ. ತಳ್ಳಿ ನೋಡಿದೆ ಕೂಡ.

ಭೋಂಗಾ ಆಗುವಾಗ ನಾನು ತಾಟಿನ ತುಂಬ ಬೆಲ್ಲ ಹಿಡಿದು ಕಟ್ಟೆಯ ಮೇಲೆ ನಿಂತಿದ್ದೆ. ಎದುರು ಸಾಲಿನ ಜಾಬರ್ ಕಲ್ಲಪ್ಪ, ಗಿರಣಿಯಲ್ಲಿ ಹತ್ತಾರು ಆಳುಗಳ ಮೇಲೆ ಕೂಗಾಡಿ ರಿಟೈರ್ ಆದವನು, ಅಲ್ಲಿಂದಲೇ ಕೇಳಿದ. "ಏನೋ ಗೌಂಡಿ, ಹೆರಿಗಿ ಆತೇನು?"

"ಹೆರಿಗಿ ಯಾತಕ್ಕ ಕಾಯಬೇಕು? ನನ್ನ ಮೊಮ್ಮಗ ಹುಟ್ಟೂಕಿಂತ ಮೊದಲ ತನ್ನ ಗೇಣು ತಗೊಂಡಾನ. ಬಂದು ಎಣಸ್ಕೋ."

"ಹೊಟ್ಟ್ಯಾಗಿಂದ?"

"ಹೊಟ್ಟ್ಯಾಗಿಂದನ ಒದ್ದಾನ. ಗ್ವಾಡಿ ಸರದೈತಿ. ಯಾರ ಮೊಮ್ಮಗ ಅಂತ ತಿಳ್ಕೊಂಡಿ?"

ಜನ ನಕ್ಕರು. ಕಲ್ಲಪ್ಪ ಬೆಲ್ಲ ಬಾಯಿಗೆ ಹಾಕಿಕೊಂಡು, "ಈ ಮಗನ ಮಾತು ಗ್ವಾಡಿಗೂ ನಾಚಿಕಿ ಬರಸ್ಯಾವು, ಅದಕ್ಕ ಸರದೈತಿ" ಅಂದ. ನಾನೂ ನಕ್ಕೆ. ಆ ನಗುವಿನ ನಡುವೆಯೇ ನೀಲವ್ವ ಬಂದಳು, ತಲೆಗೂದಲಿನಲ್ಲಿ ಹತ್ತಿಯ ಎಳೆಗಳು ಅಂಟಿಕೊಂಡೇ ಇದ್ದವು. ಮಾತು ಕೇಳಿಸಿಕೊಂಡಳು, ಯಾರನ್ನೂ ನೋಡದೆ ಒಳಗೆ ಹೋದಳು. ಎಣಿಸುತ್ತಿದ್ದಾಳೆಂದು ಎಲ್ಲರಿಗೂ ಗೊತ್ತು. ನಗು ಒಂದೊಂದಾಗಿ ನಿಂತಿತು.

ಹೊರಗೆ ಬಂದು ಕೇಳಿದಳು. "ಕಾಕಾ, ಕೂಸು ಅತ್ತರ ಅಲ್ಲೇನು ಗ್ವಾಡಿ ಸರಿಯೂದು?"

"ಅತ್ತೈತಿ ತಂಗೀ. ಒಳಗ ಅತ್ತೈತಿ. ಹತ್ತೂವರಿಗೆ, ನಾ ಈ ಕಿವಿಲೆ ಕೇಳೀನಿ. ಚಂಪಾ ಅಕ್ಕಿ ಆರಸಾಕತ್ತಿದ್ಲು, ಆಕಿನ್ನ ಕೇಳು."

ಚಂಪಾ ನನ್ನ ಮುಖ ನೋಡಿದಳು. ಬುದ್ಧಿವಂತೆ, ನನ್ನ ರಕ್ತ. "ಹೌದಕ್ಕಾ, ಜೋರ ಒದ್ದಂಗಾತು" ಅಂದಳು.

ನೀಲವ್ವ ಚಂಪಾಳ ಹೊಟ್ಟೆಯನ್ನು ನೋಡಿದಳು, ನನ್ನ ಮುಖ ನೋಡಿದಳು. ಕೊನೆಗೆ ತಾಟಿನಿಂದ ಒಂದು ಚೂರು ಬೆಲ್ಲ ತೆಗೆದುಕೊಂಡಳು. "ನಿಮ್ಮ ಮಾತು ಇದೊಂದರೆ ಖರೇ ಇರ್ಲಿ ಕಾಕಾ."

ಮನೆಯೊಳಗೆ ಬಂದ ಮೇಲೆ ಕಾಶವ್ವ ಬಾಗಿಲು ಮುಂದೆ ಮಾಡಿ ಕೇಳಿದಳು. "ಖರೇ ಕೂಸು ಹುಟ್ಟಿದ ದಿನ ಏನ ಮಾಡ್ತೀ?"

ಅದನ್ನು ನಾನು ಯೋಚಿಸಿರಲಿಲ್ಲ. ಕೂಸು ಅತ್ತರೆ ಗೋಡೆ ಇನ್ನೊಂದು ಗೇಣು ಸರಿಯುತ್ತದೆ. ಒಂದು ಕೂಸಿಗೆ ಎರಡು ಗೇಣು ಯಾವ ಗೋಡೆಯೂ ಕೊಡುವುದಿಲ್ಲ. ಎರಡು ದಿನ ಉಣ್ಣಲಿಲ್ಲ ನಾನು; ಅಂದರೆ ನಾಲ್ಕೇ ರೊಟ್ಟಿ ತಿಂದೆ. ಮೂರನೆಯ ದಿನ ನಳದ ಹತ್ತಿರ ನಿಂತು ಸಾರಿಬಿಟ್ಟೆ, ಚಂಪಾಳ ಹೊಟ್ಟೆಯಲ್ಲಿ ಇರುವುದು ಅವಳಿ, ಮುಂದೆ ನಿಂತವನು ತನ್ನ ಪಾಲು ತೆಗೆದುಕೊಂಡಿದ್ದಾನೆ, ಹಿಂದಿನವನು ಸ್ವಲ್ಪ ನಾಚಿಕೆ ಸ್ವಭಾವದವನು, ಹುಟ್ಟಿದ ಮೇಲೆ ತೆಗೆದುಕೊಳ್ಳುತ್ತಾನೆ.

"ನಾಚಿಕಿ ಅಂದ್ರ ಅಂವ ನಿನ್ನ ಮೊಮ್ಮಗ ಅಲ್ಲ ಬಿಡು" ಅಂದ ಕಲ್ಲಪ್ಪ.

ಸೂಲಗಿತ್ತಿ ಹನುಮವ್ವ ನನ್ನನ್ನು ಅಡ್ಡಗಟ್ಟಿ, "ನಾ ಯಾವಾಗ ಹೇಳಿದ್ನೋ ಅವಳಿ ಅಂತ?" ಎಂದು ಜಗಳಕ್ಕೆ ಬಂದಳು. ನಾನು ಅವಳ ಕಾಲು ಹಿಡಿಯುವುದೊಂದು ಬಾಕಿ. ಕಾರಣ ಹೇಳಲಿಲ್ಲ, ಸುಮ್ಮನಿರು ಅಂದೆ. ಸುಮ್ಮನಿದ್ದಳು.

ಆಮೇಲಿನ ಐದು ವಾರ ನಾನು ಬದುಕಿದ ರೀತಿಯನ್ನು ಶತ್ರುವಿಗೂ ಬೇಡೆನ್ನುತ್ತೇನೆ. ಮೊಮ್ಮಗು ಬರಬಾರದೆಂದು ದೇವರಿಗೆ ಕೈಮುಗಿದ ಅಜ್ಜ ಇಡೀ ಲೋಕದಲ್ಲಿ ನಾನೊಬ್ಬನೇ ಇರಬೇಕು. ಚಂಪಾ ಕೆಮ್ಮಿದರೆ ನಾನು ಎದ್ದು ನಿಲ್ಲುತ್ತಿದ್ದೆ. ಮೂವತ್ತನೆಯ ಜೋಡಿಯಲ್ಲಿ ನಾನು ಮೆತ್ತಿದ ಗಿಲಾವು ಹೊಟ್ಟೆ ಬಂದಂತೆ ಉಬ್ಬಿತು. ನನ್ನ ಕೈಯಿಂದ ಸೊಟ್ಟ ಕೆಲಸ ಆದದ್ದು ಅದೇ ಮೊದಲು. ಸುಳ್ಳಿಗೆ ಆಧಾರ ಬೇಕೆಂದು ಅಟ್ಟದಲ್ಲಿದ್ದ ಹಳೆಯ ತೊಟ್ಟಿಲು ಇಳಿಸಿ, ಬಂದ ಗೇಣಿನ ಮೇಲೆಯೇ ಇಟ್ಟೆವು. ಕಾಶವ್ವ ಅದನ್ನು ಇಡುವಾಗ ಕಣ್ಣು ಮುಚ್ಚಿಕೊಂಡಿದ್ದಳು. ಸಾವಿನ ಗೇಣಿನಲ್ಲಿ ಕೊಡ ಕೂಡ ಇಡಬಾರದು, ನಾವು ಹುಟ್ಟುವ ಕೂಸಿನ ತೊಟ್ಟಿಲು ಇಟ್ಟಿದ್ದೆವು.

ನೀಲವ್ವ ಮಾತ್ರ ಚೇತರಿಸಿಕೊಂಡಳು. ಉಣ್ಣತೊಡಗಿದಳು. ಪಾಳಿ ಮುಗಿಸಿ ಬಂದು ನಮ್ಮ ಕಟ್ಟೆಯ ಮೇಲೆ ಕೂತು ಕೂಸುಗಳಿಗೆ ಕುಂಚಿಗೆ ಹೊಲಿಯುತ್ತಿದ್ದಳು, ತಲೆಯಿಂದ ಬೆನ್ನವರೆಗೆ ಇಳಿಯುವ ಬಣ್ಣದ ಟೋಪಿ. ಒಂದು ಕೆಂಪು, ಒಂದು ಹಸಿರು. ಕೆಂಪಿನದು ಬೇಗ ಮುಗಿಯಿತು. ಹಸಿರಿನದನ್ನು ಹೊಲಿಯುವಳು, ಬಿಚ್ಚುವಳು, ಮತ್ತೆ ಹೊಲಿಯುವಳು. "ಅಂಚು ಸರಿ ಕೂಡವಲ್ದು ಕಾಕು" ಎಂದು ಕಾಶವ್ವನಿಗೆ ತೋರಿಸುವಳು. ಅಂಚು ಸರಿಯಾಗಿಯೇ ಇರುತ್ತಿತ್ತು. ಗೋಡೆ ಹತ್ತೊಂಬತ್ತರ ಮೇಲೆಯೇ ಇದೆಯೇ ಎಂದು ದಿನಾ ಎಣಿಸುತ್ತಲೂ ಇದ್ದಳು.

ಕೂಸು ಹುಟ್ಟಿದ್ದು ಗಿರಣಿಯ ಸೂಟಿಯ ದಿನ, ಮಧ್ಯಾಹ್ನ ಹನ್ನೆರಡಕ್ಕೆ. ಪಾಳಿಯ ದಿನವಾದರೂ ಆಗಬಾರದಿತ್ತೇ ಅಂದುಕೊಂಡೆ. ಅಡುಗೆಮನೆಯೊಳಗೆ ಒಂದು ಅಳು ಕೇಳಿಸಿತು, ಅದರ ಹಿಂದೆಯೇ ಗೋಡೆಯ ಗರ್ರ್. ನಾನು ಕಟ್ಟೆಯ ಮೇಲೆ ಕಿವಿ ಮುಚ್ಚಿಕೊಂಡು ಕೂತಿದ್ದೆ. ಕೂಸಿನ ಗಂಟಲು ಕೆಳಗಿನ ಓಣಿಯವರೆಗೆ ಹೋಗಿತ್ತು, ಅದು ಖರೇ ನನ್ನ ಮೊಮ್ಮಗಳು. ಹೆಣ್ಣು.

ನೀಲವ್ವ ಎರಡೂ ಕುಂಚಿಗೆ ಹಿಡಿದು ಬಂದಳು. ತೊಟ್ಟಿಲಿನ ಹತ್ತಿರ ನಿಂತು ಕಾಯ್ದಳು. ನಾನೂ ಒಳಗೆ ಹೋಗಿ ನಿಂತೆ. ಹನುಮವ್ವ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದು ಅವಳ ಕೈಗೇ ಕೊಟ್ಟಳು.

"ಇನ್ನೊಂದು?" ಅಂದಳು ನೀಲವ್ವ.

"ಬರೂದೈತಿ" ಅಂದೆ ನಾನು. "ನಾ ಹೇಳಿದ್ದೆನಲ್ಲ, ನಾಚಿಕಿ ಸ್ವಭಾವ..."

ಹನುಮವ್ವ ಕೈ ಒರೆಸಿಕೊಳ್ಳುತ್ತ, "ಇನ್ನೆಲ್ಲಿ ಇನ್ನೊಂದು? ಆತು, ಮುಗೀತು" ಎಂದು ನೀರು ಕೇಳಲು ಒಳಗೆ ಹೋದಳು. ಅವಳಿಗೆ ಗೊತ್ತಿರಲಿಲ್ಲ ಪಾಪ.

ನೀಲವ್ವ ಕೂಸನ್ನು ತೊಟ್ಟಿಲಿನಲ್ಲಿ ಮಲಗಿಸಲಿಲ್ಲ. ಕಾಶವ್ವನ ಕೈಗೆ ಕೊಟ್ಟು, ಕೆಂಪು ಕುಂಚಿಗೆ ಅದರ ತಲೆಗೆ ಕಟ್ಟಿದಳು. ಹಸಿರಿನದನ್ನು ಮಡಚಿ ಸೆರಗಿನಲ್ಲಿ ಸಿಕ್ಕಿಸಿಕೊಂಡಳು. ಆಮೇಲೆ ಬಗ್ಗಿ, ನಮ್ಮ ನೆಲದ ಗೀರುಗಳನ್ನು ಎಣಿಸಿದಳು. ಇಪ್ಪತ್ತೆರಡು.

"ತಂಗೀ" ಅಂದೆ.

"ನನಗ ಅವತ್ತ ಗೊತ್ತಿತ್ತು ಕಾಕಾ" ಅಂದಳು. "ಎರಡನೇ ಕುಂಚಿಗಿ ಮುಗಿಯೂತನಕ ಅವ್ರು ಇದ್ರು. ಅಷ್ಟರೆ ದಿವಸ ಕೊಟ್ರಿ." ಬಾಗಿಲಿನವರೆಗೆ ಹೋದವಳು ತಿರುಗಿ ನಿಂತು, ತೊಟ್ಟಿಲಿನ ಕಡೆ ನೋಡಿ, "ಆ ಗೇಣಿನ್ಯಾಗ ಏನೂ ಇಡಬ್ಯಾಡ್ರಿ ಕಾಕು" ಅಂದಳು.

ಕಾಶವ್ವ ಕೂಸನ್ನು ಎತ್ತಿಕೊಂಡೇ ಕಾಲಿನಿಂದ ತೊಟ್ಟಿಲು ಆಚೆ ಎಳೆದಳು.

ನೀಲವ್ವ ಅಳಲಿಲ್ಲ, ಬಳೆ ಒಡೆಯಲಿಲ್ಲ. ಕಾಗದ ಬರಲಿ ಅಂದಳಂತೆ. ಪಾಳಿಗೆ ಹೋದಳು, ಬಂದಳು. ಎಣಿಸುವುದನ್ನು ಬಿಟ್ಟಳು. ಅದು ನನಗೆ ಅವಳು ಎಣಿಸುವುದನ್ನು ನೋಡುವುದಕ್ಕಿಂತ ಕಷ್ಟವಾಯಿತು. ಚಾಳಿನಲ್ಲಿ ಯಾರೂ ನನ್ನನ್ನು ಬಯ್ಯಲಿಲ್ಲ. ಕಲ್ಲಪ್ಪ ಕೂಡ ನಮ್ಮ ಕಡೆ ಬೆನ್ನು ಮಾಡಿ ಕೂರುತ್ತಿದ್ದ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎಂಟನೆಯ ದಿನ ಬೆಳಿಗ್ಗೆ, ಮುಂದಿನ ಸೂಟಿಯ ದಿನ ಅದು, ನಳದ ಹತ್ತಿರದಿಂದ ಗದ್ದಲ ಕೇಳಿಸಿತು. ಹೆಂಗಸರು ಕೊಡ ಬಿಟ್ಟು ದಾರಿಯ ಎರಡೂ ಬದಿಗೆ ಸರಿಯುತ್ತಿದ್ದರು. ನಡುವೆ ಒಬ್ಬ ತಗಡಿನ ಟ್ರಂಕು ಹೊತ್ತು ಬರುತ್ತಿದ್ದ. ಸೊರಗಿದ್ದ, ಗಡ್ಡ ಬಿಟ್ಟಿದ್ದ, ಆದರೆ ನೆರಳು ಬೀಳುತ್ತಿತ್ತು. ನಾನು ಮೊದಲು ನೋಡಿದ್ದು ಅದನ್ನೇ. ಫಕೀರಪ್ಪ.

"ಏನ್ರಿ ಕಾಕಾ, ಎಲ್ಲಾರೂ ಹಿಂಗ್ಯಾಕ ನೋಡ್ತೀರಿ?" ಅಂದ.

ನಾನು ಅವನ ತೋಳು ಹಿಸುಕಿ ನೋಡಿದೆ. ಮಾಂಸ ಇತ್ತು, ಬೆವರಿತ್ತು. ನೀಲವ್ವ ಬಾಗಿಲಿಗೆ ಬಂದಳು. ಅವಳ ಮುಖದಲ್ಲಿ ಒಂದು ಕ್ಷಣ ಏನು ಬಂತೋ ಅದನ್ನು ಹೇಳುವಷ್ಟು ಬಾಯಿ ನನಗಿಲ್ಲ. ಆಮೇಲೆ ಅದು ನಿಧಾನಕ್ಕೆ ಹೋಯಿತು. ಅವಳು ತಿರುಗಿ ನಡುಗೋಡೆ ನೋಡಿದಳು. ಹದಿನೆಂಟು. ಅವನು ಹೊಸ್ತಿಲ ಮುಂದೆ ನಿಂತಿದ್ದ, ಗೋಡೆ ಅಲುಗಿರಲಿಲ್ಲ.

"ನಿಮ್ಮ ಗೇಣು ಎಲ್ಲಿ ಬಿಟ್ಟು ಬಂದ್ರಿ?" ಎಂದು ಕೇಳಿದಳು.

ಅವನು ಟ್ರಂಕು ಇಳಿಸಿದ. ಬಾಯ್ಲರ್ ಒಡೆದದ್ದು ನಿಜ, ಇವನು ಆ ದಿನ ಬೇರೆ ಖಾತೆಯಲ್ಲಿದ್ದ. ಸತ್ತವರ ಜಾಗಕ್ಕೆ ಆಳು ಬೇಕಾಗಿ ಇವನನ್ನು ಕಾಯಂ ಮಾಡಿಕೊಂಡರು, ಒಂದು ಮನೆ ಕೊಟ್ಟರು. ಅಲ್ಲಿಯೂ ಜೋಡಿಮನೆಗಳೇ, ನಮ್ಮನ್ನು ನೋಡಿಯೇ ಕಟ್ಟಿದವು, ಅವೇ ಪಾಯ ಇಲ್ಲದ ನಡುಗೋಡೆಗಳು. ಕೀಲಿ ಕೊಡಲು ಬಂದ ಗುಮಾಸ್ತ ಬೇರೆ ಊರಿನವನು, ಏನೂ ತಿಳಿಯದವನು. ಇವನು ಒಳಗೆ ಇಣುಕಲು ಹೊಸ್ತಿಲ ಮೇಲೆ ಕಾಲಿಟ್ಟಿದ್ದ. ಗುಮಾಸ್ತ ರಿಜಿಸ್ಟರ್ ತೆರೆದು, ಹೆಸರೇನು, ಎಂದು ಕೇಳಿದ.

"ನಾ ಹೇಳಿಬಿಟ್ಟೆ ನೀಲಾ. ಕೇಳಿದ್ರ ಹೇಳಾಕಬೇಕಲ್ಲ. ಬಾಯಿಂದ ಹೊಂಟ ಮ್ಯಾಲ ಆ ಗ್ವಾಡಿ ಗರ್ ಅಂತು, ಆವಾಗ ನೆಪ್ಪಾತು."

"ಯಾವಾಗ?"

"ಆರೇಳು ವಾರ ಆತು. ಮುಂಜಾನೆ."

"ಹತ್ತೂವರಿಗೆ" ಅಂದೆ ನಾನು. ಯಾರೂ ನನ್ನನ್ನು ನೋಡಲಿಲ್ಲ.

"ಹಂಗಾರ ಈಗ ಇಲ್ಲಿ ಹೇಳ್ರಿ" ಅಂದಳು ನೀಲವ್ವ. "ಹೊಸ್ತಿಲ ಮ್ಯಾಲ ನಿಂತು ಹೇಳಿ ಒಳಗ ಬರ್ರಿ."

ಇಡೀ ಚಾಳು ಅವನ ಬಾಯಿ ನೋಡುತ್ತಿತ್ತು. ಮೂರು ಅಕ್ಷರಕ್ಕೆ ಒಂದು ಹೆಚ್ಚು, ಅಷ್ಟೇ ಹೇಳಬೇಕಾದ್ದು. ಅವನು ಹೊಸ್ತಿಲ ಮೇಲೆ ಕಾಲಿಟ್ಟ. ಬಾಯಿ ತೆರೆದ. ನಾನು ಕಟ್ಟೆಯಿಂದ ಎದ್ದು ನಮ್ಮ ಮನೆಯೊಳಗೆ ಓಡಿ ಗೋಡೆಗೆ ಅಂಗೈ ಹಚ್ಚಿ ನಿಂತೆ, ಸರಿದರೆ ಮೊದಲು ನನಗೇ ಗೊತ್ತಾಗಲೆಂದು. ಕಾದೆ. ಇಟ್ಟಿಗೆ ತಣ್ಣಗಿತ್ತು.

ಗೋಡೆಯ ಆಚೆಯಿಂದ ಅವನ ದನಿ ಬಂತು. "ಹೇಳಿದ್ರ ಅಲ್ಲೀ ಮನಿ ಮುಚ್ಚತೈತಿ ನೀಲಾ. ಇಲ್ಲಿ ಅರ್ಧ ಮಗ್ಗ ಹೋಗ್ಯಾವ. ಉಳಿದಾವು ಎಷ್ಟು ದಿವಸ? ಒಂಬತ್ತು ಬಾಗಲಾ ಮುಚ್ಯಾವು. ನಾ ನಿನ್ನ ಕರಕೊಂಡು ಹೋಗಾಕ ಬಂದೀನಿ."

ಟ್ರಂಕು ಎತ್ತಿ ಒಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಅವಳು ಅಂದಳು, "ಬರ್ರಿ ಒಳಗ. ಹೆಸರು ಬ್ಯಾಡ. ಬಿಸಿಲಾಗ ನಿಂತೀರಿ."

ನಾಲ್ಕು ದಿನ ಫಕೀರಪ್ಪ ತನ್ನ ಮನೆಯಲ್ಲಿ ಬೀಗನಾಗಿ ಇದ್ದ. ನೀಲವ್ವ ಅವನಿಗೆ ಬೀಗರಿಗೆ ಕೊಡುವ ಹಿತ್ತಾಳೆ ಚರಿಗೆಯಲ್ಲೇ ನೀರು ಕೊಟ್ಟಳಂತೆ. ಐದನೆಯ ದಿನ ಬೆಳಿಗ್ಗೆ ಇಬ್ಬರೂ ಟ್ರಂಕು, ಎರಡು ಗಂಟು ತೆಗೆದುಕೊಂಡು ಹೊರಬಿದ್ದರು. ಅವಳು ಬಾಗಿಲಿಗೆ ಕೀಲಿ ಹಾಕಿ, ತನ್ನ ಕೀಲಿಯನ್ನೂ ತಂದು ನನ್ನ ಕೈಯಲ್ಲಿಟ್ಟಳು.

"ದಿನಾ ಒಮ್ಮೆ ಎಣಸ್ರಿ ಕಾಕಾ."

"ಆತು ಮಗಳ."

"ಹೋಗಿ ಎಣಸ್ರಿ. ಕೂತಲ್ಲೇ ಹೇಳಬ್ಯಾಡ್ರಿ."

ಅವರು ದಾರಿಯ ತಿರುವು ದಾಟುವವರೆಗೆ ಚಾಳಿನವರೆಲ್ಲ ನಿಂತಿದ್ದರು. ಆಮೇಲೆ ಒಬ್ಬೊಬ್ಬರಾಗಿ ನಮ್ಮ ಮನೆಯೊಳಗೆ ಬಂದು ನಡುಗೋಡೆಯ ಮುಂದೆ ಕೂತರು. ಗುಡ್ಡ ದಾಟಲು ಎರಡು ದಿನ. ಮೂರನೆಯ ದಿನ ಅವಳು ಆ ಹೊಸ್ತಿಲು ತಲುಪುತ್ತಾಳೆ, ರಿಜಿಸ್ಟರ್ ತೆರೆಯುತ್ತಾರೆ, ಹೆಸರು ಕೇಳುತ್ತಾರೆ. ಆಗ ಈ ಗೋಡೆ ಒಂದು ಗೇಣಲ್ಲ, ಹದಿನೆಂಟು ಗೇಣೂ ಓಡಿಹೋಗಿ ಆಚೆಯ ಕಲ್ಲಿಗೆ ಬೀಳುತ್ತದೆ, ಹತ್ತನೆಯ ಬಾಗಿಲು ಮುಚ್ಚುತ್ತದೆ, ನಾನು ಊರಿನಲ್ಲೇ ಅತಿ ದೊಡ್ಡ ಮನೆಯ ಧಣಿಯಾಗುತ್ತೇನೆ. ಜೀವನವಿಡೀ ದೊಡ್ಡ ಮನೆಯ ಬಗ್ಗೆ ಕೊಚ್ಚಿಕೊಂಡವನು ನಾನು. ಮೂರನೆಯ ದಿನ ಕೀಲಿ ತೆಗೆದು ಆಚೆ ಮನೆಗೆ ಹೋಗಿ, ಬೆಳಗಿನಿಂದ ಸಂಜೆಯ ತನಕ ಗೋಡೆಗೆ ಬೆನ್ನು ಕೊಟ್ಟು, ಎರಡೂ ಹಿಮ್ಮಡಿ ನೆಲಕ್ಕೆ ಊರಿ, ಹಗ್ಗ ಜಗ್ಗುವವನ ಹಾಗೆ ಕೂತಿದ್ದೆ. ಕಲ್ಲಪ್ಪ ಬಂದು ಪಕ್ಕದಲ್ಲಿ ಕೂತು ತಾನೂ ಬೆನ್ನು ಕೊಟ್ಟ. ಒಂದೂ ಚೇಷ್ಟೆಯ ಮಾತಾಡಲಿಲ್ಲ.

ಮೂರನೆಯ ದಿನ ಹೋಯಿತು. ನಾಲ್ಕನೆಯದೂ ಹೋಯಿತು.

ತಿಂಗಳಾದ ಮೇಲೆ ದಾರಿ ಸರಿಯಾಗಿ ಟಪಾಲು ಬಂತು. ಯಾರೋ ಬರೆದುಕೊಟ್ಟ ಪತ್ರ, ಕೆಳಗೆ ನೀಲವ್ವನ ಹೆಬ್ಬೆಟ್ಟು. ಕಾಕಾ ಕಾಕು ಅವರಿಗೆ ನಮಸ್ಕಾರ. ಇಲ್ಲಿ ಎಲ್ಲ ಕ್ಷೇಮ. ಮನೆ ಚೊಕ್ಕಾಗಿದೆ, ನಳ ಬಾಗಿಲಿಗೇ ಇದೆ. ಹೊಸ್ತಿಲು ದಾಟುವಾಗ ಗುಮಾಸ್ತರು ಹೆಸರು ಕೇಳಿದರು. ಬಾಯಿಗೆ ಸೆರಗು ಹಿಡಿದು ದಾಟಿದೆ. ಮೂರು ಸಲ ಕೇಳಿದರು. ಫಕೀರಪ್ಪನ ಹೆಂಡತಿ, ಮೂಕಿ, ಎಂದು ಬರೆದುಕೊಂಡಿದ್ದಾರೆ. ಕೂಸಿಗೆ ಕುಂಚಿಗೆ ಸಾಲದಾದರೆ ಹೇಳಿ.

ಕಾಶವ್ವ ಅದನ್ನು ನಾಲ್ಕು ಸಲ ಓದಿಸಿ ಕೇಳಿದಳು.

ಚಂಪಾ ಐದನೆಯ ತಿಂಗಳಿಗೆ ಕೂಸನ್ನು ಕರೆದುಕೊಂಡು ಗಂಡನ ಮನೆಗೆ ಹೋದಳು. ಕೂಸು ಅಲ್ಲಿಯ ಹೊಸ್ತಿಲ ಮೇಲೆ ಮೊದಲ ಸಲ ಅತ್ತಾಗ ಇಲ್ಲಿ ಗೋಡೆ ಸದ್ದು ಮಾಡಿತು, ನಾನು ಓಡಿ ಬಗ್ಗಿ ಎಣಿಸಿದೆ. ಸರಿದದ್ದು ನಮ್ಮ ಕಡೆಗೆ, ಒಂದೇ ಗೇಣು. ಬಿರುಕು ತುಂಬಿ ಸುಣ್ಣ ಬಳಿದೆ. ಎರಡೂ ಬದಿಗೆ ಬಳಿದೆ, ಒಂದೇ ದಿನ.

ಈಗಲೂ ದಿನಾ ಬೆಳಿಗ್ಗೆ ಮೊದಲ ಭೋಂಗಾ ಆದ ಮೇಲೆ ಕೀಲಿ ತೆಗೆದು ಆಚೆ ಮನೆಗೆ ಹೋಗುತ್ತೇನೆ. ಗಿರಣಿಯಲ್ಲಿ ಉಳಿದ ಮಗ್ಗಗಳ ಸದ್ದು ಮೊದಲಿಗಿಂತ ಸಣ್ಣಗಾಗಿದೆ. ಮುಚ್ಚಿದ ಬಾಗಿಲುಗಳು ಹನ್ನೊಂದಾಗಿವೆ. ಆಚೆಯ ಕಲ್ಲಿನ ಗೋಡೆಯ ಗೂಟಕ್ಕೆ ಅವಳು ಹಸಿರು ಕುಂಚಿಗೆ ನೇತುಹಾಕಿ ಹೋಗಿದ್ದಾಳೆ, ಅದರ ಮೇಲಿನ ಧೂಳು ಕೊಡವುತ್ತೇನೆ. ಆಮೇಲೆ ಬಗ್ಗಿ ಒಂದೊಂದೇ ಗೀರಿನ ಮೇಲೆ ಬೆರಳಿಡುತ್ತೇನೆ. ಹೊರಗೆ ಬರುವಾಗ ಕಲ್ಲಪ್ಪ ಎದುರು ಕಟ್ಟೆಯಿಂದ ಕೇಳುತ್ತಾನೆ, "ಎಷ್ಟೋ ಗೌಂಡಿ?"

"ಹತ್ತೊಂಬತ್ತು" ಅನ್ನುತ್ತೇನೆ. ಅದಕ್ಕೆ ಮುಂದೆ ಏನೂ ಸೇರಿಸುವುದಿಲ್ಲ.